ಬೆರಳ ತುದಿಯ ಅಕ್ಷರ: ಬ್ರೈಲ್ ಲಿಪಿ ಮತ್ತು ಸ್ಪರ್ಶೇಂದ್ರಿಯದ ಆರೋಗ್ಯ



ಪಂಚೇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂಬುದು ಲೋಕದ ಭಾವನೆ. ಆದರೆ ಚರಕಸಂಹಿತೆಯ ಸೂತ್ರಸ್ಥಾನವು ಸ್ಪರ್ಶನೇಂದ್ರಿಯಕ್ಕೆ ವಿಶೇಷ ಗೌರವವನ್ನು ನೀಡಿದೆ. ಉಳಿದ ಇಂದ್ರಿಯಗಳನ್ನೆಲ್ಲ ವ್ಯಾಪಿಸಿರುವುದು ಸ್ಪರ್ಶವೇ ಎಂಬುದು ಆಚಾರ್ಯರ ಅಭಿಪ್ರಾಯ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸುವ ನಮಗೆ ಕೈಯ ಮಹತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ. ಈ ಸ್ಪರ್ಶಶಕ್ತಿಯನ್ನೇ ವಿದ್ಯೆಯ ಬಾಗಿಲಾಗಿಸಿದುದು ಬ್ರೈಲ್ ಲಿಪಿ. ಅದರ ಕರ್ತೃವಿನ ಜನ್ಮದಿನವಾದ ಜನವರಿ 4ನ್ನು 2019ರಿಂದ ವಿಶ್ವಸಂಸ್ಥೆಯು ವಿಶ್ವ ಬ್ರೈಲ್ ದಿನವಾಗಿ ಆಚರಿಸುತ್ತಿದೆ.

ಲಿಪಿಯ ಉದಯ

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸ್ ದೇಶದ ಕೂವ್ರೆ ಎಂಬ ಊರಿನಲ್ಲಿ ಜನಿಸಿದನು. ತಂದೆಯದು ಕುದುರೆಯ ಜೀನು ಮಾಡುವ ಕಾಯಕ. ಮೂರು ವರ್ಷದ ಮಗು ಆಟವಾಡುತ್ತಿದ್ದಾಗ ಚರ್ಮಕ್ಕೆ ರಂಧ್ರ ಹಾಕುವ ಮೊನೆಯ ಉಪಕರಣವು ಕಣ್ಣಿಗೆ ತಗುಲಿತು. ಒಂದು ಕಣ್ಣಿನ ಬಾಧೆ ಇನ್ನೊಂದಕ್ಕೂ ವ್ಯಾಪಿಸಿ ಎರಡೂ ಕಣ್ಣುಗಳ ದೃಷ್ಟಿ ನಷ್ಟವಾಯಿತು. ಮುಂದೆ ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಕಲಿಯುತ್ತಿದ್ದಾಗ, ಬಾರ್ಬಿಯೇ ಎಂಬ ಸೇನಾಧಿಕಾರಿ ರೂಪಿಸಿದ್ದ 12 ಚುಕ್ಕಿಗಳ ಬರಹವು ಅವನ ಕೈಗೆ ಬಂದಿತು. ಹನ್ನೆರಡು ಚುಕ್ಕಿಗಳು ಬೆರಳ ತುದಿಗೆ ಒಮ್ಮೆಗೇ ನಿಲುಕವು. ಅವನ್ನು ಆರಕ್ಕೆ ಇಳಿಸಿ 1824ರಲ್ಲಿ ಹೊಸ ಲಿಪಿಯನ್ನು ಸಿದ್ಧಪಡಿಸಿದಾಗ ಲೂಯಿಗೆ ಹದಿನೈದೇ ವರ್ಷ. 1852ರಲ್ಲಿ ಆತ ತೀರಿಕೊಂಡ ಎರಡು ವರ್ಷಗಳ ಅನಂತರ ಫ್ರಾನ್ಸ್ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ಆರು ಚುಕ್ಕಿಗಳಲ್ಲಿ ಕನ್ನಡ

ಒಂದು ಮನೆ, ಅದರಲ್ಲಿ ಎರಡು ಕಂಬಸಾಲು, ಸಾಲಿಗೆ ಮೂರು ಚುಕ್ಕಿ. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿನಲ್ಲಿ 4, 5, 6. ಇವುಗಳಲ್ಲಿ ಕೆಲವನ್ನು ಉಬ್ಬಿಸಿ, ಕೆಲವನ್ನು ಬಿಟ್ಟರೆ 63 ಬಗೆಯ ಚಿಹ್ನೆಗಳು ದೊರೆಯುತ್ತವೆ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ‘ಭಾರತೀ ಬ್ರೈಲ್’ 1951ರಲ್ಲಿ ರೂಢಿಗೆ ಬಂದಿತು. ಇದರಲ್ಲಿ ಬ ಎಂದರೆ 1, 2. ಸ ಎಂದರೆ 2, 3, 4. ವ ಎಂದರೆ 1, 2, 3, 6. ಹೀಗೆ ಮೂರೇ ಮನೆಗಳಲ್ಲಿ ‘ಬಸವ’ ಎಂಬ ನಾಮವು ಬೆರಳಿಗೆ ಗೋಚರವಾಗುತ್ತದೆ. ಕಣ್ಣಿನಿಂದ ಓದುವ ಕನ್ನಡದ ಕ ಮತ್ತು ಹಿಂದಿಯ ಕ ಬೇರೆ ಬೇರೆ ಆಕಾರದವು. ಬ್ರೈಲ್‌ನಲ್ಲಿ ಎರಡೂ ಒಂದೇ. ಒಂದು ಭಾಷೆಯನ್ನು ಕಲಿತ ಮಗುವಿಗೆ ಇನ್ನೊಂದು ಸುಲಭವಾಗುವುದು ಇದರಿಂದಲೇ.

ಬರೆಯುವವರು ಗುಳಿಗಳುಳ್ಳ ಪಟ್ಟಿಯಲ್ಲಿ ದಪ್ಪ ಕಾಗದವನ್ನು ಸಿಕ್ಕಿಸಿ, ಮೊನೆಯ ಕಡ್ಡಿಯಿಂದ ಬಲದಿಂದ ಎಡಕ್ಕೆ ಒತ್ತುತ್ತಾರೆ. ಕಾಗದವನ್ನು ಮಗುಚಿದರೆ ಚುಕ್ಕಿಗಳು ಉಬ್ಬಿ ಎಡದಿಂದ ಬಲಕ್ಕೆ ಓದಲು ಬರುತ್ತವೆ.

ಬೆರಳು ಓದುವುದು ಹೇಗೆ?

ಚುಕ್ಕಿಗಳ ನಡುವಣ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಬೆನ್ನಿನ ಚರ್ಮಕ್ಕೆ ಇಷ್ಟು ಹತ್ತಿರದ ಎರಡು ಮೊನೆಗಳು ಒಂದೇ ಎಂದು ತೋರುತ್ತವೆ. ಬೆರಳ ತುದಿಯಾದರೋ ಅವನ್ನು ಬೇರ್ಪಡಿಸಿ ತಿಳಿಯಬಲ್ಲದು. ಅಲ್ಲಿ ಸ್ಪರ್ಶನಾಡಿಗಳ ತುದಿಗಳು ಅಷ್ಟು ದಟ್ಟವಾಗಿವೆ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿಕೇಂದ್ರವೂ ಕ್ರಿಯಾಶೀಲವಾಗುವುದನ್ನು ಆಧುನಿಕ ವಿಜ್ಞಾನವು ಗುರುತಿಸಿದೆ. ಕಣ್ಣಿಗೆ ಮೀಸಲಾದ ಸ್ಥಾನವನ್ನು ಮಿದುಳು ಬೆರಳಿಗೆ ಬಿಟ್ಟುಕೊಡುತ್ತದೆ. ಅಭ್ಯಾಸವು ಬಾಲ್ಯದಲ್ಲೇ ಆರಂಭವಾದಷ್ಟೂ ಫಲ ಹೆಚ್ಚು.

ನಮ್ಮ ನಾಡಿನ ಪರಂಪರೆ

ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆಯು ಪ್ರಾರಂಭವಾಯಿತು. ಹಾನಗಲ್ಲ ಕುಮಾರ ಸ್ವಾಮಿಗಳು ಅಂಧ ಬಾಲಕನೊಬ್ಬನಲ್ಲಿ ಗಾನಪ್ರತಿಭೆಯನ್ನು ಕಂಡು ಆಶ್ರಯವಿತ್ತು ಪೋಷಿಸಿದರು. ಆತನೇ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಮುನ್ನಡೆಸಿ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥಗಳನ್ನು ರಚಿಸಿದ ಅವರು ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಸಂಗೀತಕ್ಕೆ ಹೆಸರಾದ ಆ ಪೂಜ್ಯರು ಅಕ್ಷರವನ್ನು ಕೈಬಿಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಏಕೆಂದರೆ ಜೋಗಿಮಟ್ಟಿಯ ಸುತ್ತಣ ಹಳ್ಳಿಗಳಿಂದ ಚಿಕಿತ್ಸೆಗೆ ಬರುವ ತಾಯಂದಿರಲ್ಲಿ, “ಹಾಡು ಚೆನ್ನಾಗಿ ಹೇಳ್ತಾನೆ ಡಾಕ್ಟ್ರೇ, ಓದು ಹೆಂಗೆ ಬಂದಾತು?” ಎನ್ನುವವರನ್ನು ನಾನು ಕಂಡಿದ್ದೇನೆ. ಈಗಂತೂ ಮೊಬೈಲ್ ಫೋನೇ ಎಲ್ಲವನ್ನೂ ಓದಿ ಹೇಳುವಾಗ ಬ್ರೈಲ್ ಏತಕ್ಕೆ ಎಂಬ ಪ್ರಶ್ನೆಯೂ ಇದೆ. ಕೇಳುವುದು ಜ್ಞಾನವನ್ನು ಕೊಡುತ್ತದೆ, ನಿಜ. ಆದರೆ ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಲೆಕ್ಕದ ಹಂತಗಳು, ಇವು ತಾನೇ ಓದಿ ತಾನೇ ಬರೆದಾಗ ಮಾತ್ರ ದೃಢವಾಗುತ್ತವೆ. ನಾವು ಕಣ್ಣುಳ್ಳ ಮಗುವಿಗೆ ರೇಡಿಯೋ ಇದೆಯೆಂದು ಶಾಲೆ ಬಿಡಿಸುತ್ತೇವೆಯೇ?

ಪಾಲಕರು ಮಾಡಬೇಕಾದುದು

• ಮಗುವಿನ ಬೆರಳನ್ನು ಮನೆಯಲ್ಲೇ ಹದಗೊಳಿಸಿ. ರಾಗಿ, ಜೋಳ, ಕಡಲೆಗಳನ್ನು ಮುಟ್ಟಿ ಬೇರ್ಪಡಿಸುವುದು, ಅವರೆಕಾಯಿ ಸುಲಿಯುವುದು, ಮಣಿ ಪೋಣಿಸುವುದು ಉತ್ತಮ ಅಭ್ಯಾಸಗಳು.

• ಅಳಗುಳಿಮಣೆಯನ್ನು ಉದ್ದುದ್ದಕ್ಕೆ ಇಟ್ಟು, ಎರಡೂ ಸಾಲಿನ ಮೇಲಿನ ಮೂರು ಮೂರು ಗುಳಿಗಳನ್ನು ಬ್ರೈಲ್ ಮನೆಯೆಂದು ಭಾವಿಸಿ, ಹುಣಸೆ ಬೀಜಗಳಿಂದ ಅಕ್ಷರಗಳನ್ನು ಆಡಿಸಬಹುದು.

• ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇ. 40 ಅಥವಾ ಹೆಚ್ಚಿನ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಬೆರಳನ್ನೂ ಕಣ್ಣನ್ನೂ ಕಾಪಾಡಿರಿ

ಮಧುಮೇಹವು ಕಣ್ಣಿನ ಅಕ್ಷಿಪಟಲವನ್ನು ಕೆಡಿಸುವಂತೆಯೇ ಸ್ಪರ್ಶನಾಡಿಗಳನ್ನೂ ಕೆಡಿಸುತ್ತದೆ. ಕೈಕಾಲುಗಳಲ್ಲಿ ಜೋಮು, ಉರಿ ಉಂಟಾಗುವುದನ್ನು ನಮ್ಮ ಪ್ರಾಚೀನರು ಪ್ರಮೇಹದ ಪೂರ್ವರೂಪಗಳಲ್ಲೇ ಹೇಳಿದ್ದಾರೆ. ದೃಷ್ಟಿಯೂ ಸ್ಪರ್ಶವೂ ಒಟ್ಟಿಗೆ ಕುಂದಿದರೆ ಬ್ರೈಲ್ ಕಲಿಕೆಯೂ ಕಠಿಣ. ಆದ್ದರಿಂದ ಮಧುಮೇಹಿಗಳು ಸಕ್ಕರೆಯನ್ನು ಹತೋಟಿಯಲ್ಲಿಟ್ಟು, ವರ್ಷಕ್ಕೊಮ್ಮೆ ತಪ್ಪದೆ ನೇತ್ರತಜ್ಞರಲ್ಲಿ ಪರೀಕ್ಷಿಸಿಕೊಳ್ಳಬೇಕು. ಬ್ರೈಲ್ ಓದುವವರು ಬಿಸಿ ಪಾತ್ರೆಗಳಿಂದ ಬೆರಳನ್ನು ಕಾಪಾಡಿಕೊಳ್ಳಬೇಕು. ಚರ್ಮ ಬಿರಿಯುವ ಚಳಿಗಾಲದಲ್ಲಿ ರಾತ್ರಿ ಎಳ್ಳೆಣ್ಣೆ ಸವರಿ, ಬೆಳಿಗ್ಗೆ ತೊಳೆದು ಒರೆಸಿಕೊಂಡು ಓದಬೇಕು.

ಜಾಲಿಮುಳ್ಳು ತಾಗಿದ ಕಣ್ಣನ್ನು ಉಜ್ಜದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಾಂಬೂಲದ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದರೆ ತಡಮಾಡದೆ ಧಾರಾಳ ಶುದ್ಧ ನೀರಿನಿಂದ ತೊಳೆಯುತ್ತಿದ್ದು, ಅನಂತರ ವೈದ್ಯರಲ್ಲಿಗೆ ಒಯ್ಯಬೇಕು. ಕಾಡಿನ ಸೊಪ್ಪಿನ ರಸವನ್ನಾಗಲಿ, ಎದೆಹಾಲನ್ನಾಗಲಿ ಕಣ್ಣಿಗೆ ಹಿಂಡುವುದು ಸರ್ವಥಾ ಸಲ್ಲದು. ಆಯುರ್ವೇದ ವೈದ್ಯನಾಗಿಯೇ ನಾನು ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಅಂಧರಿಗೆ ಅನ್ನವಿಕ್ಕುವುದು ದಾಸೋಹವೇ. ಅಕ್ಷರವಿಕ್ಕುವುದೂ ದಾಸೋಹ. ಅಕ್ಷರ ದೊರೆತವನು ತನ್ನ ಕಾಯಕದಿಂದ ಬದುಕಿ, ನಾಳೆ ಇನ್ನೊಬ್ಬರಿಗೆ ದಾಸೋಹ ಮಾಡಬಲ್ಲನು. ನಿಮ್ಮ ಓಣಿಯಲ್ಲಿ ಶಾಲೆಗೆ ಹೋಗದ ದೃಷ್ಟಿಹೀನ ಮಗುವೊಂದಿದ್ದರೆ ಈ ತಿಂಗಳೇ ಅದರ ತಂದೆತಾಯಿಯರೊಡನೆ ಮಾತನಾಡಿರಿ. ಬರುವ ಜೂನ್ ತಿಂಗಳಲ್ಲಿ ಆ ಮಗು ಶಾಲೆಯ ಹೊಸ್ತಿಲು ದಾಟಲಿ.