ಸೌದೆ ಒಲೆಯೂ ಅದನ್ನು ಬಲ್ಲವರೂ

ಮನೆಯ ಸಾಮಾನುಗಳಲ್ಲಿ ಒಲೆಯಷ್ಟು ಪುರಾತನವಾದುದೂ ಒಲೆಯಷ್ಟು ಅಲಕ್ಷ್ಯಕ್ಕೆ ಒಳಗಾದುದೂ ಮತ್ತೊಂದಿರಲಾರದು. ಎತ್ತನ್ನು ಕೊಳ್ಳುವಾಗ ನಮ್ಮ ರೈತನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸೀರೆಯನ್ನು ಕೊಳ್ಳುವಾಗ ಗೃಹಿಣಿಯು ಸೆರಗನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾಳೆ. ಆದರೆ ವರ್ಷದ 365 ದಿನವೂ ಉರಿಯತಕ್ಕ ಸೌದೆ ಒಲೆಯನ್ನು ಮಾತ್ರ ಬೆಲೆಯೊಂದನ್ನೇ ಕೇಳಿ ಮನೆಗೆ ತರುವುದು ಸಾಮಾನ್ಯವಾಗಿದೆ. ಒಲೆಯೂ ಒಂದು ಯಂತ್ರವೇ ಎಂಬುದನ್ನೂ, ಅದರ ಮರ್ಮವನ್ನು ಬಲ್ಲವರಿಂದಲೇ ಅದನ್ನು ಕೊಳ್ಳಬೇಕು ಇಲ್ಲವೆ ಕಟ್ಟಿಸಬೇಕು ಎಂಬುದನ್ನೂ ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಊರೂರಿಗೂ ಅನಿಲದ ಸಿಲಿಂಡರು ಬಂದಿರುವಾಗ ಸೌದೆ ಒಲೆಯ ಮಾತೇಕೆ ಎಂದು ಕೆಲವರು ಕೇಳಬಹುದು. 2016ನೆಯ ಇಸವಿ ಮೇ 1ರಂದು ಕೇಂದ್ರ ಸರ್ಕಾರವು ಉಜ್ವಲಾ ಯೋಜನೆಯನ್ನು ಆರಂಭಿಸಿದ ಮೇಲೆ ಕೋಟ್ಯಂತರ ಬಡ ಕುಟುಂಬಗಳಿಗೆ ಅನಿಲದ ಸಂಪರ್ಕ ದೊರೆತದ್ದು ನಿಜ. ಆದರೂ ಹಳ್ಳಿಗಳಲ್ಲಿ ಸಿಲಿಂಡರಿನ ಪಕ್ಕದಲ್ಲಿಯೇ ಸೌದೆ ಒಲೆಯೂ ಉಳಿದುಕೊಂಡಿದೆ. ಬಚ್ಚಲಿನ ಹಂಡೆಗೆ ನೀರು ಕಾಯಬೇಕು. ಹತ್ತು ಜನರ ಮುದ್ದೆಗೆ ಎಸರು ಕುದಿಯಬೇಕು. ಮದುವೆ ಜಾತ್ರೆಗಳ ಅಡಿಗೆ ಆಗಬೇಕು. ಇವಕ್ಕೆಲ್ಲ ರೊಕ್ಕ ಕೊಟ್ಟು ತಂದ ಅನಿಲವನ್ನು ಸುಡಲು ಕೂಲಿನಾಲಿ ಮಾಡುವವರಿಗೆ ಮನಸ್ಸು ಬಾರದು. ಹೊಲದ ಬದುವಿನ ಕಡ್ಡಿ, ತೆಂಗಿನ ಮಟ್ಟೆ, ತೊಗರಿ ಕಟ್ಟಿಗೆ ಇವು ಕೈಗೆ ಎಟಕುವಂತಿರುವ ತನಕ ಸೌದೆ ಒಲೆ ಆರುವುದಿಲ್ಲ. ಅದು ಉರಿಯುವುದೇ ಆದರೆ ಚೆನ್ನಾಗಿ ಉರಿಯಲಿ ಎಂಬುದಷ್ಟೇ ನಮ್ಮ ವಾದ. ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯವೂ ಹೌದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಇನ್ನು ಸೌದೆಯು ಉರಿಯುವ ಬಗೆಯನ್ನು ವಿಚಾರಿಸೋಣ. ಸೌದೆಗೆ ಬೆಂಕಿ ತಗುಲಿದೊಡನೆ ಮೊದಲು ಅದರಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲು 600 ಕಿಲೋಕ್ಯಾಲೊರಿಗೂ ಮೀರಿದ ಶಾಖ ಬೇಕು. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನೀರೇ ಇರುವುದರಿಂದ ಹಸಿ ಸೌದೆಯು ತನ್ನ ಶಾಖದ ಒಂದು ಪಾಲನ್ನು ತನ್ನನ್ನು ಒಣಗಿಸಿಕೊಳ್ಳುವುದಕ್ಕೇ ವೆಚ್ಚ ಮಾಡುತ್ತದೆ. ನೀರು ಹೋದ ಬಳಿಕ ಕಾವಿನಿಂದ ಮರವು ಒಡೆದು ಉರಿಯಬಲ್ಲ ಅನಿಲಗಳು ಹೊರಡುತ್ತವೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಹೀಗೆ ಅನಿಲವಾಗಿ ಹೊರಬೀಳುತ್ತದೆ. ನಾವು ಜ್ವಾಲೆಯೆನ್ನುವುದು ಈ ಅನಿಲ ಉರಿಯುವುದನ್ನೇ. ಕಡೆಗೆ ಉಳಿಯುವುದು ಕೆಂಡ. ಅನಿಲಕ್ಕೆ ಸಾಕಷ್ಟು ಗಾಳಿಯೂ ಸಾಕಷ್ಟು ಕಾವೂ ದೊರೆಯದಿದ್ದರೆ ಅದು ಉರಿಯದೆ ಹೊಗೆಯಾಗಿ ಹೋಗುತ್ತದೆ. ಆದುದರಿಂದ ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ ಸರಿ. ಗೃಹಿಣಿಯ ಕಣ್ಣನ್ನು ಉರಿಸುವುದು ಅವಳೇ ಹೊತ್ತು ತಂದ ಹೊರೆಯ ಒಂದು ಭಾಗ.

ಮೂರು ಗುಂಡುಗಳ ಒಲೆಯಲ್ಲಿ ಶಾಖವು ಮೂರು ದಾರಿಯಿಂದ ನಷ್ಟವಾಗುತ್ತದೆ. ಒಂದು ಪಾಲು ಉರಿಯದ ಅನಿಲವಾಗಿ ಹೊರಟುಹೋಗುತ್ತದೆ. ಇನ್ನೊಂದು ಪಾಲು ಪಾತ್ರೆಯನ್ನು ಮುಟ್ಟದೆ ಸುತ್ತಲಿನ ಗಾಳಿಗೆ ಸೇರುತ್ತದೆ. ಮತ್ತೊಂದು ಪಾಲನ್ನು ನೆಲವೂ ಕಲ್ಲುಗಳೂ ಹೀರಿಕೊಳ್ಳುತ್ತವೆ. ಇಂತಹ ಒಲೆಯಲ್ಲಿ ಸೌದೆಯ ಶಾಖದ ನೂರರಲ್ಲಿ 10ರಿಂದ 15 ಪಾಲು ಮಾತ್ರ ಪಾತ್ರೆಗೆ ಸೇರುವುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಲೆಯನ್ನು ಸುಧಾರಿಸುವುದೆಂದರೆ ಈ ಮೂರು ದಾರಿಗಳನ್ನೂ ಕಟ್ಟುವುದು.

ಈ ಪ್ರಯತ್ನ ನಮ್ಮ ದೇಶದಲ್ಲಿ ಹೊಸದಲ್ಲ. ವಾರ್ಧಾದ ಮಗನ್‌ವಾಡಿಯಿಂದ ಮಗನ್ ಒಲೆಯು ಹೊರಟಿತು. 1953ರಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಡಾ. ರಾಜು ಅವರು ಹೊಗೆಕೊಳವಿಯುಳ್ಳ, ಹಲವು ಪಾತ್ರೆಗಳನ್ನು ಏಕಕಾಲಕ್ಕೆ ಇಡಬಹುದಾದ ಮಣ್ಣಿನ ಒಲೆಯನ್ನು ಪ್ರಚಾರಕ್ಕೆ ತಂದರು. ನಮ್ಮ ನಾಡಿಗೆ ಹೆಮ್ಮೆ ತರುವ ಕೆಲಸವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಅನ್ವಯಿಸುವುದಕ್ಕಾಗಿ ‘ಅಸ್ತ್ರ’ ಎಂಬ ವಿಭಾಗವನ್ನು ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡದವರು ಮನೆಮನೆಗೂ ಹೋಗಿ ಇಂಧನದ ಲೆಕ್ಕ ತೆಗೆದಾಗ ಊರಿನ ಶಕ್ತಿಯ ಬಹುಪಾಲು ಸೌದೆಯಿಂದಲೇ ಬರುವುದೂ, ಅದು ಅಡಿಗೆಗೇ ಹೆಚ್ಚಾಗಿ ಹೋಗುವುದೂ ಕಂಡುಬಂದಿತು. ಆ ಬಳಿಕ ರೂಪುಗೊಂಡದ್ದೇ ‘ಅಸ್ತ್ರ ಒಲೆ’. ಇದರಲ್ಲಿ ಸೌದೆಯು ಜಾಲರಿಯ ಮೇಲೆ ಉರಿಯುವುದರಿಂದ ಕೆಳಗಿನಿಂದ ಗಾಳಿ ಬರುತ್ತದೆ. ಸೌದೆ ಹಾಕುವ ಬಾಯಿಗೆ ಮುಚ್ಚಳವುಂಟು. ಪಾತ್ರೆಗಳು ಕುಳಿಗಳಲ್ಲಿ ಸಂದಿಲ್ಲದಂತೆ ಕೂರುತ್ತವೆ. ಮೊದಲ ಪಾತ್ರೆಯನ್ನು ದಾಟಿದ ಬಿಸಿಗಾಳಿಯು ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿ ಕಡೆಗೆ ಕೊಳವಿಯಿಂದ ಮಾಡಿನ ಮೇಲಕ್ಕೆ ಹೋಗುತ್ತದೆ. ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಇದು ನೂರಕ್ಕೆ 40ರಷ್ಟು ಶಾಖವನ್ನು ಪಾತ್ರೆಗಳಿಗೆ ಮುಟ್ಟಿಸಿತು.

ಇಷ್ಟು ಒಳ್ಳೆಯ ಒಲೆಗಳಿದ್ದೂ ಹಳ್ಳಿಗಳ ಹೊಗೆ ಏಕೆ ಹೋಗಲಿಲ್ಲ? ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ. 1980ರ ದಶಕದಲ್ಲಿ ಕೇಂದ್ರ ಸರ್ಕಾರವು ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡು, 2002ರಲ್ಲಿ ಅದನ್ನು ನಿಲ್ಲಿಸುವುದರೊಳಗೆ 3 ಕೋಟಿಗೂ ಮೇಲ್ಪಟ್ಟು ಒಲೆಗಳನ್ನು ಹಂಚಿತ್ತು. ಅವುಗಳಲ್ಲಿ ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ನಮ್ಮ ಕೇರಿಯಲ್ಲಿ ಆದ ಬಗೆಯನ್ನು ನನ್ನ ಅಜ್ಜಿ ಹೇಳುತ್ತಿರುತ್ತಾರೆ. ಯಾರೋ ಬಂದು ಒಂದೇ ದಿನದಲ್ಲಿ ಇಪ್ಪತ್ತು ಮನೆಗಳಲ್ಲಿ ಒಲೆ ಹಾಕಿ, ಗೋಡೆಗೆ ಸಂಖ್ಯೆ ಬರೆದು ಹೋದರಂತೆ. ಕುಳಿಯ ಅಳತೆ ಮುದ್ದೆಯ ಗಡಿಗೆಗೆ ಹೊಂದಲಿಲ್ಲ. ಕೊಳವಿಯು ಹೆಂಚಿನ ಮೇಲಕ್ಕೆ ಏರದೆ ಸೂರಿನ ಕೆಳಗೇ ನಿಂತಿತು. ಅದರೊಳಗೆ ಮಸಿ ಕಟ್ಟಿದಾಗ ಹೊಗೆಯೆಲ್ಲ ಹಿಂದಕ್ಕೇ ಬಂದಿತು. ಕೊಳವಿಯನ್ನು ತೆಗೆದು ಕೊಡವಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಅಜ್ಜಿ ಆ ಒಲೆಯನ್ನು ಒಡೆದು ಹಳೆಯ ಕೋಡೊಲೆಯನ್ನೇ ಹಾಕಿಕೊಂಡರು. ಒಲೆಯ ವಿದ್ಯೆಯಲ್ಲಿ ದೋಷವಿರಲಿಲ್ಲ. ಆ ವಿದ್ಯೆಯನ್ನು ಅರಿತವರು ಅಡಿಗೆಮನೆಯ ತನಕ ಬರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಒಲೆಗೂ ಈ ಮಾತು ಸಲ್ಲುತ್ತದೆ. 2000ರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಸಂಶೋಧನೆಯಿಂದಲೇ ಹುಟ್ಟಿದ ‘ಊರ್ಜ’ ಎಂಬ ಒಲೆಯು ಸಣ್ಣ ಪಂಖದಿಂದ ಗಾಳಿ ಪಡೆದು ಹೊಗೆಯಿಲ್ಲದೆ ಉರಿಯುತ್ತಿತ್ತು. ಲಕ್ಷಾಂತರ ಒಲೆಗಳು ಮಾರಾಟವಾದವು. ಆದರೆ ಅದಕ್ಕೆ ಕೃಷಿಯ ಕಸವನ್ನು ಒತ್ತಿ ಮಾಡಿದ ಗುಳಿಗೆಗಳೇ ಬೇಕಾಗಿದ್ದವು. ಗುಳಿಗೆಯ ಬೆಲೆ ಏರಿದಾಗ ಮನೆವಾರ್ತೆಯವರು ಅದನ್ನು ಬಿಡಬೇಕಾಯಿತು. ಒಲೆಯನ್ನು ಕೊಳ್ಳುವವನು ಅದರ ಮುಂದಿನ ಹತ್ತು ವರ್ಷಗಳ ಇಂಧನವನ್ನೂ ಕೊಂಡಂತೆಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಒಲೆಯನ್ನು ಬಲ್ಲ ವ್ಯಾಪಾರಿಯನ್ನು ಅಥವಾ ಮೇಸ್ತ್ರಿಯನ್ನು ಗುರುತಿಸುವುದು ಹೇಗೆ? ಬಲ್ಲವನು ಬೆಲೆಯನ್ನು ಹೇಳುವುದಕ್ಕೆ ಮೊದಲು ತಾನೇ ಪ್ರಶ್ನೆಗಳನ್ನು ಕೇಳುತ್ತಾನೆ. ಮೊದಲನೆಯದಾಗಿ, ಮನೆಯಲ್ಲಿ ಎಷ್ಟು ಜನ, ಯಾವ ಯಾವ ಪಾತ್ರೆಗಳು ಎಂದು ಕೇಳಿ ತಳದ ಅಳತೆ ತೆಗೆದುಕೊಳ್ಳುತ್ತಾನೆ. ಎರಡನೆಯದಾಗಿ, ಯಾವ ಸೌದೆ, ಮಳೆಗಾಲದಲ್ಲಿ ಅದನ್ನು ಎಲ್ಲಿ ಒಣಗಿಸುತ್ತೀರಿ ಎಂದು ವಿಚಾರಿಸುತ್ತಾನೆ; ತೆಂಗಿನ ಗರಿ ಸುಡುವ ಮನೆಗೂ ಜಾಲಿಯ ಕೊರಡು ಸುಡುವ ಮನೆಗೂ ಒಲೆಯ ಬಾಯಿ ಒಂದೇ ಆಗಲಾರದು. ಮೂರನೆಯದಾಗಿ, ಮಾಡು ಹೆಂಚಿನದೋ ಹುಲ್ಲಿನದೋ ತಾರಸಿಯೋ ಎಂದು ನೋಡಿ ಕೊಳವಿಯು ಮಾಡಿಗಿಂತ 2 ಅಡಿಯಾದರೂ ಮೇಲೆ ಬರುವಂತೆ, ಹುಲ್ಲಿಗೆ ಕಿಡಿ ತಾಗದಂತೆ ಏರ್ಪಾಡು ಮಾಡುತ್ತಾನೆ. ನಾಲ್ಕನೆಯದಾಗಿ, ಬೂದಿ ತೆಗೆಯುವ, ಮಸಿ ಕೊಡವುವ ಕ್ರಮವನ್ನು ಅಡಿಗೆ ಮಾಡುವವರ ಕೈಯಿಂದಲೇ ಮಾಡಿಸಿ ತೋರಿಸುತ್ತಾನೆ. ಐದನೆಯದಾಗಿ, ಜಾಲರಿ ಕರಗಿದರೆ, ಕೊಳವಿ ತುಕ್ಕು ಹಿಡಿದರೆ ಎಲ್ಲಿ ದೊರೆಯುವುದೆಂದು ತಿಳಿಸುತ್ತಾನೆ.

ಎತ್ತಿ ಇಡಬಹುದಾದ ಲೋಹದ ಒಲೆಯಾದರೆ ಮತ್ತೊಂದು ಆಧಾರವುಂಟು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಹೊರಡಿಸಿ 2013ರಲ್ಲಿ ಪರಿಷ್ಕರಿಸಿದ 13152ನೆಯ ಸಂಖ್ಯೆಯ ಮಾನಕದ ಪ್ರಕಾರ ಇಂತಹ ಒಲೆಯ ದಕ್ಷತೆ ನೂರಕ್ಕೆ 25ಕ್ಕೆ ಕಡಮೆಯಿರಕೂಡದು. ಪಂಖವುಳ್ಳದ್ದಾದರೆ 35ಕ್ಕೆ ಕಡಮೆಯಿರಕೂಡದು. ಹೊರಬೀಳುವ ವಿಷಾನಿಲಕ್ಕೂ ಮಸಿಯ ಕಣಗಳಿಗೂ ಅದರಲ್ಲಿ ಮಿತಿಯಿದೆ. ಈ ಸಂಖ್ಯೆಯನ್ನು ಹೇಳಿದಾಗ ಅಂಗಡಿಯವನು ಪರೀಕ್ಷೆಯ ಪತ್ರವನ್ನು ತೋರಿಸಿದರೆ ಸಂತೋಷ. ಮುಖ ನೋಡಿದರೆ ಬೇರೆ ಅಂಗಡಿಗೆ ಹೋಗುವುದು ಲೇಸು.

ಬಲ್ಲವರು ನಮ್ಮಲ್ಲಿ ಇಲ್ಲವೆಂದು ನಿರಾಶರಾಗಬೇಕಾಗಿಲ್ಲ. ಅಸ್ತ್ರ ಒಲೆಯ ಕೆಲಸದಲ್ಲಿ ಪಳಗಿದವರು ಮುಂದೆ ಬೆಂಗಳೂರಿನಲ್ಲಿ ‘ಟೈಡ್’ ಎಂಬ ಸಂಸ್ಥೆಯ ಮೂಲಕ ಈ ವಿದ್ಯೆಯನ್ನು ಹರಡಿದರು. ರೇಷ್ಮೆ ನೂಲು ತೆಗೆಯುವವರಂತಹ ಸಣ್ಣ ಕಸುಬಿನವರಿಗೆ ಹೊಂದುವ ಒಲೆಗಳಿಗಾಗಿ ಆ ಸಂಸ್ಥೆಗೆ 2008ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂದಿತು. ಹಳ್ಳಿಯ ಹೆಂಗಸರಿಗೆ ಒಲೆ ಕಟ್ಟುವುದನ್ನು ಕಲಿಸಿ, ಅದನ್ನೇ ಅವರ ಜೀವನೋಪಾಯವಾಗಿ ಮಾಡಿದುದು ಅದರ ಇನ್ನೊಂದು ಮೆಚ್ಚತಕ್ಕ ಕಾರ್ಯ. ಒಲೆಯ ಮುಂದೆ ಕುಳಿತು ಬಲ್ಲವಳೇ ಒಲೆಯನ್ನು ಕಟ್ಟಿದರೆ ಅವಳಿಗೆ ಯಾರೂ ಅಳತೆ ಹೇಳಿಕೊಡಬೇಕಾಗುವುದಿಲ್ಲ. ಕಟ್ಟಿದವಳು ಪಕ್ಕದ ಊರಿನಲ್ಲಿಯೇ ಇದ್ದರೆ ಕೊಳವಿ ಕಟ್ಟಿಕೊಂಡ ದಿನ ಕರೆಯುವುದೂ ಸುಲಭ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಸೌದೆ ಒಲೆಯ ಮೇಲೆ ಬೆಂದ ಅನ್ನವನ್ನು ಉಂಡು ಕಾಲೇಜಿಗೆ ಬಂದವರು. ಇಲ್ಲಿ ನಾವು ಅರ್ಥಶಾಸ್ತ್ರದಲ್ಲಿ ಬೇಡಿಕೆ ಪೂರೈಕೆಗಳನ್ನೂ ಗ್ರಾಹಕನ ಆಯ್ಕೆಯನ್ನೂ ಓದುತ್ತೇವೆ. ಆದರೆ ಮನೆಗೆ ಒಲೆ ತರುವ ದಿನ ಆಯ್ಕೆ ಮಾಡುವವರು ಒಬ್ಬರು, ಹೊಗೆ ಕುಡಿಯುವವರು ಇನ್ನೊಬ್ಬರು. ಮುಂದಿನ ಸಲ ಒಲೆಯನ್ನು ಕೊಳ್ಳುವ ಪ್ರಸಂಗ ಬಂದರೆ ಸಂತೆಗೆ ಅಡಿಗೆ ಮಾಡುವವರನ್ನೇ ಕರೆದುಕೊಂಡು ಹೋಗೋಣ. ಅವರ ಪಾತ್ರೆಯನ್ನೂ ಜೊತೆಗೆ ಒಯ್ಯೋಣ. ಅಂಗಡಿಯವನಿಗೆ ಮೇಲಿನ ಐದು ಪ್ರಶ್ನೆಗಳನ್ನು ಅವರೇ ಕೇಳಲಿ. ಓದು ಕಲಿತ ಮಕ್ಕಳಿಂದ ತಾಯಂದಿರಿಗೆ ಸಲ್ಲಬೇಕಾದ ಸೇವೆಗಳಲ್ಲಿ ಇದೂ ಒಂದೆಂದು ನನ್ನ ನಂಬಿಕೆ.