ಸಾರಥಿಯಿಲ್ಲದ ಬಂಡಿಯೂ ನಮ್ಮ ದಾರಿಯೂ



ತಾನಾಗಿ ಓಡುವ ಮೋಟಾರು ಕುಡಿಯದು, ತೂಕಡಿಸದು. ಇದು ಅದರ ಗುಣವು. ಆದರೆ ಕ್ಯಾಮರಾ, ರಡಾರುಗಳಿಂದ ಕಂಡದ್ದನ್ನು ತಾನು ಕಲಿತ ಮಟ್ಟಿಗೆ ಮಾತ್ರ ಅದು ಗುರುತಿಸುವದು. 2018ರ ಮಾರ್ಚ್ 18ರಂದು ಅಮೇರಿಕದ ಟೆಂಪಿ ಪಟ್ಟಣದಲ್ಲಿ, ಪರೀಕ್ಷೆಗಾಗಿ ಓಡುತ್ತಿದ್ದ ಅಂಥ ವಾಹನವು ಸೈಕಲ್ಲನ್ನು ತಳ್ಳಿಕೊಂಡು ದಾರಿ ದಾಟುತ್ತಿದ್ದ ಸ್ತ್ರೀಯನ್ನು ಒಮ್ಮೆ ಮೋಟಾರೆಂದೂ ಒಮ್ಮೆ ಸೈಕಲ್ಲೆಂದೂ ಎಣಿಸಿ, ಸಕಾಲದಲ್ಲಿ ನಿಲ್ಲದೆ ಬಡಿದದ್ದರಿಂದ ಆಕೆಯು ತೀರಿಹೋದಳು. ಒಳಗಿದ್ದ ಮೇಲ್ವಿಚಾರಕಿಯೂ ದಾರಿಯನ್ನು ನೋಡುತ್ತಿರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಗಳ ದಾರಿಗಳಲ್ಲಾದರೋ ದೀಪವಿಲ್ಲದ ಕಬ್ಬಿನ ಗಾಡಿಗಳೂ, ಗಾಣಗಾಪುರಕ್ಕೆ ನಡೆಯುವ ಯಾತ್ರಿಕರೂ, ಕೈಸನ್ನೆಯಿಂದಲೇ ದಾರಿ ಕೇಳುವ ಮೋಟಾರುಸೈಕಲ್ ಸವಾರರೂ ಉಂಟು. ಇವರನ್ನೆಲ್ಲ ಗುರುತಿಸಲು ಕಲಿಯದ ಯಂತ್ರವನ್ನು ಇಲ್ಲಿಗೆ ಬಿಡುವದು ನ್ಯಾಯವಲ್ಲ. ನಾವಾದರೂ ಇಂದೇ ಗಾಡಿಯ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸೋಣ. ಅದು ಮನುಷ್ಯನ ಕಣ್ಣಿಗೂ ಯಂತ್ರದ ಕಣ್ಣಿಗೂ ಕಾಣುವದು.