ಬಾಸೆಲ್ ನಗರದಲ್ಲಿ ಕರಾವಳಿಯ ಒಬ್ಬ ವಿದ್ಯಾರ್ಥಿ: ಆನಂದರಾವ್ ಕೌಂಡಿನ್ಯ

1

ಕನ್ನಡ–ಜರ್ಮನ್ ಸಂಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಅಲ್ಲಿಂದ ಇಲ್ಲಿಗೆ ಬಂದವರ ಚರಿತ್ರೆಯಾಗಿಯೇ ಮುಗಿಯುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಇವರ ಹೆಸರುಗಳು ಹೊರನಾಡಿನ ಸಂಶೋಧಕರಿಗೂ ಪರಿಚಿತವಾದುವು. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದವರೂ ಇದ್ದರು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅಂಥವರಲ್ಲಿ ಬಹು ಮುಂಚಿನವರು ಮಂಗಳೂರಿನ ಆನಂದರಾವ್ ಕೌಂಡಿನ್ಯರು (1825–1893). ಅವರ ವ್ಯಾಸಂಗದ ಸ್ವರೂಪವನ್ನೂ ಅದು ನಮ್ಮ ಸಂಶೋಧನೆಯ ಮುಂದೆ ಇಡುವ ಸಮಸ್ಯೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಬಾಸೆಲ್ ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕ ನಗರ; ರೈನ್ ನದಿಯ ದಂಡೆಯ ಮೇಲಿದೆ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆ ಮರುವರ್ಷವೇ ತನ್ನ ಸೆಮಿನರಿಯನ್ನು ತೆರೆಯಿತು. ಸಂಸ್ಥೆಯ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರನ್ನು ತಲುಪಿದರು. ಅಲ್ಲಿನ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಆನಂದರಾಯರು ಸಾರಸ್ವತ ಬ್ರಾಹ್ಮಣ ಮನೆತನದವರು. 1844ರ ಜನವರಿಯಲ್ಲಿ ಇನ್ನಿಬ್ಬರು ತರುಣರೊಡನೆ ಅವರು ಕ್ರೈಸ್ತ ದೀಕ್ಷೆ ಪಡೆದಾಗ ಮಂಗಳೂರಿನಲ್ಲಿ ತೀವ್ರ ಕ್ಷೋಭೆಯುಂಟಾಯಿತು. ತಮ್ಮ ಗುರುವಾದ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿನೊಡನೆ ಸೇರಿಸಿಕೊಂಡು ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು. ಎರಡು ವರ್ಷಗಳ ತರುವಾಯ, 1846ರಲ್ಲಿ, ಯುರೋಪಿಗೆ ಮರಳಿದ ಮೋಗ್ಲಿಂಗರೊಡನೆ ಬಾಸೆಲಿಗೆ ಹೋದರು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ. ಅಂದಿನ ಪ್ರಯಾಣದ ದೈರ್ಘ್ಯವನ್ನು ಇದರಿಂದಲೇ ಊಹಿಸಬಹುದು.

ಸೆಮಿನರಿಯ ಸಹಪಾಠಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ರೈತರ, ಕಸುಬುದಾರರ ಮಕ್ಕಳು. ವಿಲ್ಹೆಲ್ಮ್ ಹಾಫ್‌ಮನ್ ಆಗ ಸಂಸ್ಥೆಯ ಮುಖ್ಯಸ್ಥರು. ಆ ಸ್ಥಾನಕ್ಕೆ ‘ಇನ್‌ಸ್ಪೆಕ್ಟರ್’ ಎಂದು ಹೆಸರು. ಪಾಠದಷ್ಟೇ ಕೈಗೆಲಸಕ್ಕೂ ಪ್ರಾರ್ಥನೆಗೂ ಸ್ಥಾನವಿದ್ದ ಬಿಗಿಯಾದ ದಿನಚರಿಯ ವಿದ್ಯಾಲಯವದು. ಮನೆಯಲ್ಲಿ ಕೊಂಕಣಿ, ನಾಡಿನಲ್ಲಿ ಕನ್ನಡ–ತುಳು, ಶಾಲೆಯಲ್ಲಿ ಇಂಗ್ಲಿಷ್ ಇದ್ದ ತರುಣನಿಗೆ ಇಲ್ಲಿ ಜರ್ಮನ್ ವ್ಯಾಸಂಗದ ಭಾಷೆಯಾಯಿತು. 1851ರಲ್ಲಿ ವ್ಯಾಸಂಗ ಮುಗಿಸಿದ ಅವರು ಮಂಗಳೂರಿಗೆ ಹಿಂದಿರುಗಿ ಅಲ್ಲಿನ ದೇವಜ್ಞಾನ ಸೆಮಿನರಿಯಲ್ಲಿ ಅಧ್ಯಾಪಕರಾದರು.

ಇಲ್ಲಿ ಒಂದು ಅಂಶ ಗಮನಾರ್ಹ. ಮಿಷನ್ನಿನಲ್ಲಿ ಸ್ಥಳೀಯವಾಗಿ ತರಬೇತಾದವರು ‘ಉಪದೇಶಿ’ಗಳಾಗುತ್ತಿದ್ದರು, ಬಾಸೆಲಿನಲ್ಲಿ ಓದಿ ಬಂದ ಕೌಂಡಿನ್ಯರು ‘ಮಿಷನರಿ’ ಎನಿಸಿದರು. ಆ ಸಂಸ್ಥೆಯಲ್ಲಿ ಆ ಸ್ಥಾನ ಪಡೆದ ಮೊದಲ ಭಾರತೀಯರು ಅವರೇ. ಓದಿದ ಊರೇ ಓದಿದವನ ಅಂತಸ್ತನ್ನು ನಿರ್ಣಯಿಸುವ ಪದ್ಧತಿ ನಮ್ಮ ಕಾಲದ್ದೇ ಎಂದು ಭಾವಿಸಬೇಕಾಗಿಲ್ಲ.

3

ಸಂಶೋಧಕರಿಗೆ ಸಮಸ್ಯೆ ಎದುರಾಗುವುದು ಇಲ್ಲಿಂದ ಮುಂದೆ. ಕೌಂಡಿನ್ಯರು ತಮ್ಮ ಜೀವನಕಥೆಯನ್ನು ತಾವೇ ಹೇಳಿದ್ದಾರೆ. ಆದರೆ ಅದು 1850ರ ದಶಕದಲ್ಲಿ ಬಾಸೆಲಿನಲ್ಲಿ ಅಚ್ಚಾದುದು ಜರ್ಮನ್ ಭಾಷೆಯಲ್ಲಿ. ಅದನ್ನು ಓದಲು ಕಾದಿದ್ದವರು ಮಿಷನ್ನಿಗೆ ಕಾಣಿಕೆ ಸಲ್ಲಿಸುತ್ತಿದ್ದ ಭಕ್ತಜನ. ಅವರ ಪರಂಪರೆಯಲ್ಲಿ ಆತ್ಮವೃತ್ತಕ್ಕೆ ನಿಯತವಾದ ಒಂದು ಚೌಕಟ್ಟಿತ್ತು: ಮೊದಲು ಅಂಧಕಾರ, ಅನಂತರ ತಳಮಳ, ಬಳಿಕ ಜ್ಞಾನೋದಯ, ಕೊನೆಗೆ ಬಂಧುತ್ಯಾಗ. ಕೌಂಡಿನ್ಯರು ಆ ನಗರದಲ್ಲಿ ವಿದ್ಯಾರ್ಥಿಯಾಗಿದ್ದಂತೆಯೇ ಆ ಜನರ ಪಾಲಿಗೆ ಒಂದು ನಿದರ್ಶನವೂ ಆಗಿದ್ದರು.

ಹಾಗೆಂದು ಆ ಬರಹವನ್ನು ಪ್ರಚಾರಸಾಹಿತ್ಯವೆಂದು ಬದಿಗಿಡುವುದು ಸಾಧುವಲ್ಲ. ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ಇಂಥ ಪಠ್ಯ ಹೊಸದೇನಲ್ಲ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿಯೂ ಬಸವಣ್ಣನವರು ಜನಿವಾರವನ್ನು ತೊರೆದು, ಮನೆಯನ್ನು ಬಿಟ್ಟು, ಕೂಡಲಸಂಗಮಕ್ಕೆ ನಡೆಯುತ್ತಾರೆ. ಅಲ್ಲಿ ನಾವು ಭಕ್ತಚರಿತೆಯ ಸಂಪ್ರದಾಯ ಯಾವುದು, ಸಂಪ್ರದಾಯಕ್ಕೆ ಒಗ್ಗದೆ ಉಳಿದ ವಿವರ ಯಾವುದು ಎಂದು ಬಿಡಿಸಿ ನೋಡುತ್ತೇವೆ. ಚರಿತ್ರೆಗೆ ಹೆಚ್ಚು ಬೆಲೆಯುಳ್ಳದ್ದು ಹಲವೊಮ್ಮೆ ಎರಡನೆಯದೇ. ಕೌಂಡಿನ್ಯರ ವೃತ್ತಾಂತಕ್ಕೂ ಇದೇ ಕ್ರಮವನ್ನು ಅನ್ವಯಿಸಬೇಕು. ಎರಡೂ ಪಠ್ಯಗಳ ನಡುವೆ ಒಂದು ಮುಖ್ಯ ಭೇದವುಂಟು: ಹರಿಹರನು ತನ್ನ ನುಡಿಯಲ್ಲಿ ತನ್ನವರಿಗಾಗಿ ಬರೆದ, ಕೌಂಡಿನ್ಯರ ಕಥೆ ಅವರ ಊರಿನವರು ಓದಲಾಗದ ಭಾಷೆಯಲ್ಲಿ ಉಳಿಯಿತು. ಅವರು ಬಿಟ್ಟುಬಂದ ಮನೆಯವರ ಪಕ್ಷವನ್ನು ಹೇಳುವ ದನಿ ಅದರಲ್ಲಿ ಸ್ವತಂತ್ರವಾಗಿ ಕೇಳಿಸುವಂತಿಲ್ಲ.

4

ಇದು ಒಬ್ಬರ ಜೀವನಚರಿತ್ರೆಗೆ ಮಾತ್ರ ಸೀಮಿತವಾದ ಮಾತಲ್ಲ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಂದ ಮಿಷನರಿಗಳು ಬರೆದ ಪತ್ರಗಳೂ ವರದಿಗಳೂ ಬಾಸೆಲಿನ ದಫ್ತರದಲ್ಲಿವೆ. ಅವುಗಳ ಭಾಷೆ ಬಹುಮಟ್ಟಿಗೆ ಜರ್ಮನ್. ಕೈಬರಹವಂತೂ ‘ಕುರೆಂಟ್’ ಎಂಬ ಹಳೆಯ ಲಿಪಿಯದು. ಆ ಲಿಪಿಯನ್ನು ಇಂದಿನ ಜರ್ಮನರೂ ವಿಶೇಷ ಅಭ್ಯಾಸವಿಲ್ಲದೆ ಓದಲಾರರು. ಹತ್ತೊಂಬತ್ತನೆಯ ಶತಮಾನದ ಕನ್ನಡ ಶಾಲೆ, ಮುದ್ರಣ, ಗದ್ಯಗಳ ಚರಿತ್ರೆಯನ್ನು ಬರೆಯುವವರಿಗೆ ಇವು ಅನಿವಾರ್ಯ ಆಕರಗಳು. ಆದರೆ ಕನ್ನಡ ಬಲ್ಲವರಲ್ಲಿ ಜರ್ಮನ್ ಬಲ್ಲವರು ವಿರಳ. ಜರ್ಮನ್ ಬಲ್ಲವರಿಗೆ ಕನ್ನಡದ ಸಂದರ್ಭ ಅಪರಿಚಿತ.

ಈ ಅಂತರವನ್ನು ತುಂಬುವ ಅನುಕೂಲ ಕರ್ನಾಟಕಕ್ಕಿಂತ ದೆಹಲಿಯಲ್ಲಿ ಹೆಚ್ಚೆಂದರೆ ಅತಿಶಯೋಕ್ತಿಯಾಗದು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಒಂದೇ ಆವರಣದಲ್ಲಿ ಜರ್ಮನ್ ಅಧ್ಯಯನ ಕೇಂದ್ರವಿದೆ. 2015ರಲ್ಲಿ ಕನ್ನಡ ಪೀಠವೂ ಆರಂಭವಾಯಿತು. ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆಯ ಕಚೇರಿಯೂ ಇದೇ ನಗರದಲ್ಲಿದೆ. ಕೌಂಡಿನ್ಯರು ಸುಮಾರು ಐದು ವರ್ಷ ಪಡೆದ ಅವಕಾಶ ಇಂದಿನ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ಮಟ್ಟಿಗೆ ದೊರೆಯಬಹುದು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿಯೂ ಬೇಸಿಗೆಯದು ಏಪ್ರಿಲಿನಲ್ಲಿಯೂ ತೊಡಗುತ್ತದೆ. ಪಾಠದ ವಾರಗಳನ್ನು ಎಣಿಸಿದರೆ ದೊರೆಯುವುದು ಮೂರೂವರೆ, ನಾಲ್ಕು ತಿಂಗಳು. ಅಷ್ಟರಲ್ಲಿ ಭಾಷೆಯನ್ನು ಅಲ್ಲಿಯೇ ಕಲಿತು ದಫ್ತರವನ್ನೂ ಶೋಧಿಸುವೆನೆಂಬುದು ಆಗದ ಮಾತು. ಜರ್ಮನ್ ಭಾಷೆಯನ್ನೂ ಕುರೆಂಟ್ ಲಿಪಿಯನ್ನೂ ಇಲ್ಲಿಯೇ ಕಲಿತು, ಒಂದು ಊರಿನ ಒಂದು ದಶಕದ ಕಾಗದಗಳನ್ನಷ್ಟೇ ಆರಿಸಿಕೊಂಡು ಹೊರಡುವುದು ಲೇಸು. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯವು ಹೆರ್ಮನ್ ಗುಂಡರ್ಟರ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿರುವುದರಿಂದ ಪೂರ್ವಸಿದ್ಧತೆಯ ಕೆಲವು ಭಾಗ ಕುಳಿತಲ್ಲಿಯೇ ಸಾಧ್ಯ.

ಮೊದಲ ಕೆಲಸವಾಗಿ ಕೌಂಡಿನ್ಯರ ಜೀವನಕಥೆಯನ್ನು ಮೂಲದಿಂದ ನೇರವಾಗಿ, ಟಿಪ್ಪಣಿಗಳೊಡನೆ ಕನ್ನಡಕ್ಕೆ ತರುವ ಯೋಜನೆಯೊಂದನ್ನು ಕೈಗೊಳ್ಳಬಹುದು. ಮಂಗಳೂರಿನ ವಿದ್ಯಾರ್ಥಿಯೊಬ್ಬ ಅನ್ಯಭಾಷೆಯಲ್ಲಿ ಹೇಳಿದ ಮಾತನ್ನು ಅವನ ನಾಡಿನ ಭಾಷೆಗೆ ತಲುಪಿಸುವ ಹೊಣೆ, ಆ ಭಾಷೆಯನ್ನು ಕಲಿಯಬಲ್ಲ ಇಂದಿನ ವಿದ್ಯಾರ್ಥಿಗಳ ಮೇಲಿದೆ.